ಬಾತ್‌ರೂಮ್ ಪ್ಲಗ್ಗಿಗೆ ಆರ್‌ಸಿಸಿಬಿ: ಕೊಡಗಿನ ಮಳೆಗೆ ಆಗುತ್ತಾ?

ಗಾಳಿಬೀಡು_ತೋಟ: ಹೋಂಸ್ಟೇಗೆ ಹೊಸ ಬಾತ್‌ರೂಮ್ ಕಟ್ಟಿಸುತ್ತಿದ್ದೇನೆ. ಗೀಸರ್ ಜೊತೆಗೆ ಹೇರ್ ಡ್ರೈಯರ್‌ಗೂ ಪ್ಲಗ್ ಬೇಕು. ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನ್ ಕಟ್ ಮಾಡುವ ಸ್ವಿಚ್) ಹಾಕಿ ಅಂದರೆ ಎಲೆಕ್ಟ್ರಿಷಿಯನ್ ಒಪ್ಪುತ್ತಿಲ್ಲ. ಎಂಸಿಬಿ (ಲೋಡ್ ಜಾಸ್ತಿಯಾದರೆ ಬೀಳುವ ಸ್ವಿಚ್) ಇದೆಯಲ್ಲ ಸಾಕು, ಆರ್‌ಸಿಸಿಬಿ ಹಾಕಿದರೆ ಮಳೆಗಾಲ ಪೂರ್ತಿ ಮನೆ ಕತ್ತಲೆ ಅನ್ನುತ್ತಾರೆ.

ವಿರಾಜಪೇಟೆ_ವೈರ್‌ಮ್ಯಾನ್: ಎಂಸಿಬಿ ಕಾಯುವುದು ವೈರನ್ನು, ಮನುಷ್ಯನನ್ನಲ್ಲ. 16 ಆಂಪಿಯರ್ ಎಂಸಿಬಿ ಬೀಳಲು 16ಕ್ಕಿಂತ ಜಾಸ್ತಿ ಹರಿಯಬೇಕು. ಅದರ ನೂರರಲ್ಲಿ ಒಂದು ಪಾಲು ಮೈಯಲ್ಲಿ ಹರಿದರೂ ಜೀವ ಹೋಗಬಹುದು. ಆರ್‌ಸಿಸಿಬಿ ನೋಡುವುದೇ ಬೇರೆ: ಫೇಸ್‌ನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ. ಬಾತ್‌ರೂಮಿಗೆ 30 ಮಿಲಿಆಂಪಿಯರ್‌ನದ್ದೇ ಬೇಕು. 100, 300ರದ್ದು ಜೀವ ಕಾಯಲು ಅಲ್ಲ.

ಮಂಜು_ಮಡಿಕೇರಿ: ಓದಲು ಚೆನ್ನಾಗಿದೆ. ಜುಲೈಯಲ್ಲಿ ರಾತ್ರಿ ಟ್ರಿಪ್ ಆಗಿ, ಗೆಸ್ಟ್ ತಲೆಗೆ ಶಾಂಪೂ ಹಚ್ಚಿಕೊಂಡು ಕೂಗುವಾಗ ನೀವು ಬರ್ತೀರಾ? ನಾವು ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿಸಿದೆವು. ಇವತ್ತಿನವರೆಗೆ ಏನೂ ಆಗಿಲ್ಲ.

ವಿರಾಜಪೇಟೆ_ವೈರ್‌ಮ್ಯಾನ್: ಟ್ರಿಪ್ ಆಯ್ತು ಅಂದರೆ ಎಲ್ಲೋ ಸೋರುತ್ತಿದೆ ಅಂತ. ನಮ್ಮ ಕಡೆ ಹೆಚ್ಚಾಗಿ ಗೇಟ್ ಲೈಟು, ಇಲ್ಲಾಂದ್ರೆ ಪಂಪ್ ಶೆಡ್ಡು. ಗೇಟ್ ಲೈಟಿನ ಕವರ್ ಬಿಚ್ಚಿ ನೋಡಿ. ತಳದಲ್ಲಿ ನೀರು ನಿಂತಿರುತ್ತದೆ, ಹೋಲ್ಡರ್ ಹಸಿರು ಹಿಡಿದಿರುತ್ತದೆ. ಯುಪಿಎಸ್ ಲೈನಿನ ನ್ಯೂಟ್ರಲ್ಲನ್ನು ಬೇರೆ ಲೈನಿಗೆ ಸೇರಿಸಿದ್ದರೂ ಸುಮ್ನೆ ಬೀಳುತ್ತಿರುತ್ತದೆ. ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಹಾಕಿದ್ದು ತಪ್ಪು. ಬಾತ್‌ರೂಮಿಗೆ ಬೇರೆ ಆರ್‌ಸಿಬಿಒ (ಆರ್‌ಸಿಸಿಬಿ, ಎಂಸಿಬಿ ಎರಡರ ಕೆಲಸವನ್ನೂ ಮಾಡುವುದು) ಕೊಡಿ, ಹೊರಗಿನ ಲೈಟುಗಳಿಗೆ ಬೇರೆ. ಆಮೇಲೆ ಗೇಟು ನೆನೆದರೆ ಗೇಟಷ್ಟೇ ಕತ್ತಲೆ.

ದೂರದ_ಕೊಡಗಿ: ಅಮೆರಿಕದಲ್ಲಿ 1975ರ ಕೋಡ್‌ನಿಂದಲೇ ಬಾತ್‌ರೂಮ್ ಪ್ಲಗ್ಗಿಗೆ ಜಿಎಫ್‌ಸಿಐ (ಅಲ್ಲಿನ ಆರ್‌ಸಿಸಿಬಿ ಥರದ್ದು) ಕಡ್ಡಾಯ. ಸುಮಾರು 5 ಮಿಲಿಆಂಪಿಯರ್‌ಗೇ ಕಟ್ ಆಗುತ್ತದೆ. ಟೆಸ್ಟ್, ರೀಸೆಟ್ ಬಟನ್ ಪ್ಲಗ್ಗಿನಲ್ಲೇ ಇರುತ್ತವೆ. ರಜೆಗೆ ಬರುವಾಗ ತರಲಾ?

ವಿರಾಜಪೇಟೆ_ವೈರ್‌ಮ್ಯಾನ್: ಬೇಡ ಮಾರಾಯ್ರೇ. ಅದು 120 ವೋಲ್ಟಿನದ್ದು, ನಮ್ಮದು 230. ಪಿನ್ನೂ ಕೂರುವುದಿಲ್ಲ.

ಹಂಡೆ_ಒಲೆ: ಬಚ್ಚಲಲ್ಲಿ ಹಂಡೆ ಇದ್ದ ಕಾಲದಲ್ಲಿ ಕಣ್ಣಿಗೆ ಹೊಗೆ ಬಿಟ್ಟರೆ ಬೇರೆ ತಾಪತ್ರಯ ಇರಲಿಲ್ಲ 😄

ಗಾಳಿಬೀಡು_ತೋಟ: ಗೆಸ್ಟಿಗೆ ಹಂಡೆ ಫೋಟೋಗೆ ಮಾತ್ರ ಬೇಕು! ಪ್ಲಗ್ ಎಲ್ಲಿಡಲಿ? ಪಕ್ಕದ ಹಳೇ ರೂಮಿನಲ್ಲಿ ಅರ್ತ್ ವೈರೇ ಇಲ್ಲ. ಅಲ್ಲೂ ಆರ್‌ಸಿಸಿಬಿ ಕೆಲಸ ಮಾಡುತ್ತಾ?

ವಿರಾಜಪೇಟೆ_ವೈರ್‌ಮ್ಯಾನ್: ಮಾಡುತ್ತದೆ, ಆದರೆ ಯಾರಾದರೂ ಮುಟ್ಟಿದ ಮೇಲೆ. ಅರ್ತ್ ಇದ್ದರೆ ಗೀಸರಿನ ಹೊರಮೈಗೆ ಕರೆಂಟು ಬಂದ ಕೂಡಲೇ ಬೀಳುತ್ತದೆ. ಅರ್ತ್ ಎಳೆಸಿಯೇ ಗೀಸರ್ ಕೂರಿಸಿ. ಇನ್ನು ಪ್ಲಗ್ಗು: ತೊಟ್ಟಿ ಇಲ್ಲದ ಶವರ್ ಆದರೆ ಐಇಸಿ (ಅಂತರರಾಷ್ಟ್ರೀಯ ವಿದ್ಯುತ್ ಮಾನದಂಡ) ಲೆಕ್ಕದಲ್ಲಿ ಶವರಿನಿಂದ 1.2 ಮೀಟರ್ ಒಳಗೆ ಪ್ಲಗ್ ಇರಬಾರದು. ಡ್ರೈಯರ್ ಪ್ಲಗ್ಗನ್ನು ಬಾಗಿಲಾಚೆ ಕನ್ನಡಿ ಹತ್ತಿರ ಕೊಟ್ಟುಬಿಡಿ.

ಮಂಜು_ಮಡಿಕೇರಿ: ಲೈನ್ ಬೇರೆ ಮಾಡಲು ನನ್ನ ಮನೆ ಗೋಡೆ ಒಡೆಯಬೇಕಲ್ಲ?

ವಿರಾಜಪೇಟೆ_ವೈರ್‌ಮ್ಯಾನ್: ಗೀಸರಿಗೆ ಬೋರ್ಡಿನಿಂದ ಬೇರೆ ವೈರ್ ಬಂದಿದ್ದರೆ ಬೇಡ, ಬೋರ್ಡಿನಲ್ಲೇ ಎಂಸಿಬಿ ತೆಗೆದು ಆರ್‌ಸಿಬಿಒ ಕೂರಿಸಬಹುದು. ಮೊದಲು ಆ ಬೈಪಾಸ್ ತೆಗೆಸಿ. ಗೇಟ್ ಲೈಟಿನ ವೈರ್ ಕಳಚಿ ಒಂದು ರಾತ್ರಿ ನೋಡಿ. ಆಗಲೂ ಬಿದ್ದರೆ ಹೇಳಿ, ಮೆಗ್ಗರ್ (ವೈರಿಂಗ್ ಸೋರುತ್ತಾ ಅಂತ ನೋಡುವ ಮೀಟರ್) ತರುತ್ತೇನೆ.