ಪಶು ಆಸ್ಪತ್ರೆ ರಿಪೇರಿಗೆ ದುಡ್ಡು ಬಂದಿದೆ, ಸೋಲಾರ್ ಮೊದಲೋ ಕಸ ಮೊದಲೋ?

ಡೈರಿ ಸೆಕ್ರೆಟರಿ: ನಮ್ಮ ತಾಲೂಕು ಪಶು ಆಸ್ಪತ್ರೆ ರಿಪೇರಿಗೆ ಸ್ವಲ್ಪ ಅನುದಾನ ಬಂದಿದೆ, ಪರಿಸರಕ್ಕೂ ಒಳ್ಳೇದಾಗೋ ಹಾಗೆ ಖರ್ಚು ಮಾಡೋಣ ಅಂತ ಮೀಟಿಂಗಲ್ಲಿ ಮಾತಾಯ್ತು. ನಾನಂತೂ ಸೋಲಾರ್ ಅಂದೆ. ಕರೆಂಟ್ ಯಾವಾಗ ಹೋಗುತ್ತೋ ಹೇಳಕ್ಕಾಗಲ್ಲ, ಕಾಲುಬಾಯಿ ಲಸಿಕೆ 2ರಿಂದ 8 ಡಿಗ್ರೀಲೇ ಇರ್ಬೇಕು, ಫ್ರಿಜ್ ಆಫ್ ಆದ್ರೆ ಅಷ್ಟೂ ಹಾಳು. ನೀವೇನಂತೀರಿ?

ಕೆರೆ ಏರಿ: ಸೋಲಾರ್ ಬೇಡ ಅಂತಲ್ಲ ಸಾರ್, ಮೊದ್ಲು ಆಸ್ಪತ್ರೆ ಹಿಂದ್ಗಡೆ ಹೋಗಿ ನೋಡಿ. ಸಿರಿಂಜು, ಡ್ರಿಪ್ ಪೈಪು, ಔಷಧಿ ಬಾಟ್ಲಿ ಎಲ್ಲಾ ಒಂದೇ ಗುಂಡಿಗೆ ಹಾಕಿ ಸಂಜೆ ಬೆಂಕಿ ಕೊಡ್ತಾರೆ. ಡ್ರಿಪ್ ಪೈಪು ಹೆಚ್ಚಾಗಿ ಪಿವಿಸಿ, ಅರೆಬರೆ ಬೆಂಕೀಲಿ ಸುಟ್ರೆ ಡಯಾಕ್ಸಿನ್ ಅನ್ನೋ ವಿಷ ಬರುತ್ತೆ. 2016ರ ವೈದ್ಯಕೀಯ ತ್ಯಾಜ್ಯ ನಿಯಮ ಪಶು ಆಸ್ಪತ್ರೆಗೂ ಅನ್ವಯ ಆಗುತ್ತೆ. ಪ್ಲಾಸ್ಟಿಕ್ ಕೆಂಪು ಚೀಲಕ್ಕೆ, ಸೂಜಿ ಬಿಳಿ ಗಟ್ಟಿ ಡಬ್ಬಕ್ಕೆ, ಗಾಜು ನೀಲಿಗೆ, ರಕ್ತ ಹತ್ತಿದ ಹತ್ತಿ, ಅವಧಿ ಮುಗಿದ ಔಷಧಿ ಹಳದಿಗೆ. ಇದಕ್ಕೆ ಅಂಥಾ ಖರ್ಚೇನೂ ಇಲ್ಲ.

ಹೋಬಳಿ ವೆಟ್: ಚೀಲ ತರಬಹುದು, ಒಯ್ಯೋ ಗಾಡಿ ಹೋಬಳಿವರೆಗೆ ಬರಲ್ಲ, ಅದೇ ಕಷ್ಟ. ಇನ್ನೊಂದು ವಿಷಯ ಯಾರೂ ಹೇಳ್ತಿಲ್ಲ. ಹಸು ಬೆದೆಗೆ ಬಂದಿದೆ ಅಂತ ಬೆಳಿಗ್ಗೇನೇ ಫೋನ್ ಬರುತ್ತೆ, ಕೊಟ್ಟಿಗೇಲೇ ಇನ್ಸೆಮಿನೇಷನ್ (ಕೃತಕ ಗರ್ಭಧಾರಣೆ) ಮಾಡ್ತೀವಿ, ತೋಳುದ್ದದ ಗ್ಲೌಸು, ವೀರ್ಯ ಬಿಡೋ ಗನ್ ಮೇಲಿನ ಪ್ಲಾಸ್ಟಿಕ್ ಕವಚ ಎರಡೂ ತಿಪ್ಪೆಗೆ ಬೀಳುತ್ತೆ, ತಿಪ್ಪೆಯಿಂದ ಗೊಬ್ಬರದ ಜತೆ ಹೊಲಕ್ಕೆ. ಆಮೇಲೆ ಹಸು ಮೇವು ತಿನ್ನಲ್ಲ ಅಂತ ಕರೀತಾರೆ, ಹೊಟ್ಟೆ ಕೊಯ್ದು ಪ್ಲಾಸ್ಟಿಕ್ ಉಂಡೆ ತೆಗೆಯೋರೂ ನಾವೇ.

ನಾಯಿಬೆಕ್ಕು ಡಾಕ್ಟ್ರು, ಬೆಂಗಳೂರು: ನಮ್ಮ ಕಡೆ ದೊಡ್ಡ ಸಮಸ್ಯೆ ಅನಸ್ತೇಶಿಯಾ ಗ್ಯಾಸು. ಐಸೊಫ್ಲೂರೇನ್ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 500 ಪಟ್ಟು ಜಾಸ್ತಿ ಬಿಸಿ ಹಿಡಿಯುತ್ತೆ, ಮೈಯೊಳಗೆ ಒಡೆದು ಬೇರೆಯಾಗೋದು ಶೇಕಡಾ ಒಂದಕ್ಕಿಂತ ಕಮ್ಮಿ, ಮಿಕ್ಕಿದ್ದೆಲ್ಲ ಪೈಪಲ್ಲಿ ಹೊರಗೆ. ಆಪರೇಷನ್ ಮಧ್ಯದಲ್ಲೂ ಈ ಗ್ಯಾಸನ್ನ ಹೊತ್ತೊಯ್ಯೋ ಆಕ್ಸಿಜನ್ ನಿಮಿಷಕ್ಕೆ ಎರಡು ಮೂರು ಲೀಟರ್ ಬಿಟ್ಕೊಂಡೇ ಇರೋ ಅಭ್ಯಾಸ ಬಿಟ್ಟು, ದೊಡ್ಡ ನಾಯಿಗೆ ಸರ್ಕಲ್ ಸಿಸ್ಟಮ್ (ಉಸಿರು ಬಿಟ್ಟ ಗ್ಯಾಸನ್ನೇ ಮತ್ತೆ ಒಳಗೆ ತಿರುಗಿಸೋ ಸರ್ಕ್ಯೂಟು) ಹಾಕಿ ನಿಮಿಷಕ್ಕೆ ಒಂದು ಲೀಟರ್ ಒಳಗೆ ಇಳಿಸಬಹುದು, ಗ್ಯಾಸಿನ ದುಡ್ಡೂ ಉಳಿಯುತ್ತೆ. ಬೆಕ್ಕಿಗೆ, ಸಣ್ಣ ಮರಿಗೆ ಹಾಕೋ ಸಾದಾ ಸರ್ಕ್ಯೂಟಲ್ಲಿ ಮಾತ್ರ ಹಾಗೆ ಇಳಿಸಬೇಡಿ, ಅಪಾಯ.

ಹೋಬಳಿ ವೆಟ್: ಮೇಡಂ, ನಮ್ಮಲ್ಲಿ ಗ್ಯಾಸ್ ಮಷಿನ್ನೇ ಇಲ್ಲ, ಮತ್ತು ಬರಿಸೋಕೆ ಜೈಲಜಿನ್ ಕೆಟಮಿನ್ ಇಂಜೆಕ್ಷನ್ನೇ ಗತಿ.

ರಾಮನಗರದವನು: ಔಷಧಿ ವಿಷಯ ಬಿಟ್ಟೇಬಿಟ್ರಲ್ಲ! ನಮ್ಮ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದು ಧಾಮ ಆಯ್ತು, ಈಗ ಅಲ್ಲಿ ಹದ್ದು ಹುಡುಕಬೇಕು. ನೋವಿಗೆ ಡೈಕ್ಲೋಫೆನಾಕ್ ಚುಚ್ಚಿಸ್ಕೊಂಡ ದನ ಸತ್ರೆ, ಅದನ್ನ ತಿಂದ ಹದ್ದಿನ ಕಿಡ್ನಿ ಹೋಗುತ್ತೆ. ಪ್ರಾಣಿಗಳಿಗೆ ಅದು 2006ರಲ್ಲೇ ಬ್ಯಾನ್, 2023ರಲ್ಲಿ ಕೀಟೊಪ್ರೊಫೆನ್, ಅಸೆಕ್ಲೋಫೆನಾಕ್, ಆಮೇಲೆ ನಿಮೆಸುಲೈಡ್ ಕೂಡ ಬ್ಯಾನ್ ಆಯ್ತು. ಆಸ್ಪತ್ರೆ ಬೀರು ತೆಗೆದು ಹಳೇ ಸ್ಟಾಕ್ ಇದೆಯಾ ಅಂತ ನೋಡೋಕೆ ಅನುದಾನ ಬೇಕಾ ಹೇಳಿ?

ಎರಡು ಎಚ್ಎಫ್ ಹಸು: ಹಸು ನೋವಲ್ಲಿ ಒದ್ದಾಡ್ತಾ ಇರುವಾಗ ನಮಗೆ ಹದ್ದು ನೆನಪಾಗಲ್ಲ ಅಣ್ಣ. ಬದಲಿಗೆ ಏನ್ ಕೊಡ್ಬೇಕು ಅಂತ ಹೇಳಿ.

ಹೋಬಳಿ ವೆಟ್: ಮೆಲಾಕ್ಸಿಕಾಮ್ ಕೇಳಿ, ಟೋಲ್ಫೆನಾಮಿಕ್ ಆಸಿಡ್ ಕೂಡ ಇದೆ, ಎರಡೂ ಹದ್ದಿಗೆ ಅಪಾಯ ಇಲ್ಲ, ಹಸುವಿಗೂ ಚೆನ್ನಾಗಿ ಕೆಲಸ ಮಾಡುತ್ತೆ. ಮನುಷ್ಯರ ಮೆಡಿಕಲ್ ಶಾಪಿಂದ ಡೈಕ್ಲೋ ತಂದು ನೀವೇ ಚುಚ್ಚಬೇಡಿ, ಅಷ್ಟು ಮಾಡಿ ಸಾಕು.

ಡೈರಿ ಸೆಕ್ರೆಟರಿ: ಕಸ ಮೊದಲು ಅನ್ನೋದು ಒಪ್ಪಿದೆ. ಕೆಂಪು ಚೀಲನ ನಮ್ಮ ಹಾಲಿನ ಗಾಡೀಲೇ ತಾಲೂಕಿಗೆ ಕಳಿಸಿದ್ರೆ?

ಹೋಬಳಿ ವೆಟ್: ದಯವಿಟ್ಟು ಬೇಡ ಸಾರ್, ಹಾಲಿನ ಜತೆ ಆ ಕಸ ಹೋಗಲೇಬಾರದು. ವೀರ್ಯ ತಣ್ಣಗಿಡೋ ನೈಟ್ರೋಜನ್ ಜಾಡಿ ಕಟ್ಟೋ ಬೈಕಿಗೇ ಮುಚ್ಚಳ ಇರೋ ಡಬ್ಬ ಒಂದು ಹಾಕಿಸಿಕೊಡಿ, ಗ್ಲೌಸು ಕವಚ ನಾನೇ ಆಸ್ಪತ್ರೆಗೆ ತರ್ತೀನಿ. ಅಲ್ಲಿಂದ ಒಯ್ಯೋಕೆ ಲೈಸೆನ್ಸ್ ಇರೋ ಗಾಡಿ ವಾರಕ್ಕೊಂದ್ಸಲ ಬರೋ ಹಾಗೆ ಮಾತಾಡಿ.

ಕೆರೆ ಏರಿ: ಗಾಡಿ ಬರೋ ದಿನ ಬೋರ್ಡಲ್ಲಿ ಬರೆಸಿ, ತಪ್ಪಿದ್ರೆ ಕೇಳೋಕೆ ನಾವಿದೀವಿ.

ಡೈರಿ ಸೆಕ್ರೆಟರಿ: ಸರಿ. ಗಾಡಿಯವರ ರೇಟು ತರಿಸ್ತೀನಿ, ಮಿಕ್ಕಿದ ದುಡ್ಡಲ್ಲಿ ಲಸಿಕೆ ಫ್ರಿಜ್ಜಿಗೆ ಸಾಕಾಗೋಷ್ಟು ಸೋಲಾರ್ ಹಾಕ್ಸೋಣ.