ಫ್ಯಾನ್ ತಿರುಗುತ್ತದೆ, ಮಾನಿಟರ್ ಕಪ್ಪು: ಹೋಗಿದ್ದು ರ‍್ಯಾಮಾ, ಮದರ್‌ಬೋರ್ಡಾ?

ಪ್ರಶ್ನೆ: ನಮಸ್ಕಾರ ಸರ್. ಶಿರಸಿ ಹತ್ತಿರ ನಮ್ಮದೊಂದು ಚಿಕ್ಕ ಡಿಟಿಪಿ ಅಂಗಡಿ. ಹಳೆಯ ಐ3 ಕಂಪ್ಯೂಟರ್, ಇಂಟೆಲ್ ಎಚ್61 ಮದರ್‌ಬೋರ್ಡು, 4 ಜಿಬಿಯ ಎರಡು ಡಿಡಿಆರ್3 ರ‍್ಯಾಮ್. ಮಳೆ ಹಿಡಿದ ಮೇಲೆ ಆಗಾಗ ನೀಲಿ ಸ್ಕ್ರೀನ್ ಬಂದು ರೀಸ್ಟಾರ್ಟ್ ಆಗುತ್ತಿತ್ತು. ಈಗ ಫ್ಯಾನ್ ತಿರುಗುತ್ತದೆ, ಉದ್ದನೆಯ ಬೀಪ್ ಬಿಟ್ಟುಬಿಟ್ಟು ಬರುತ್ತದೆ, ಮಾನಿಟರಿನಲ್ಲಿ ಏನೂ ಇಲ್ಲ. ಪೇಟೆಯಲ್ಲಿ ತೋರಿಸಿದರೆ ಬಿಚ್ಚಿಯೂ ನೋಡದೆ "ಮದರ್‌ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ" ಅಂದರು. ಗಿರಾಕಿಗಳ ಫೈಲೆಲ್ಲ ಅದರಲ್ಲೇ ಇದೆ.

ಉತ್ತರ: ಬೋರ್ಡು ಪೂರ್ತಿ ಸತ್ತಿದ್ದರೆ ಬೀಪ್ ಹೊಡೆಯುವವರು ಯಾರು ಸರ್? ಬೀಪ್ ಬಂತು ಅಂದರೆ ಪ್ರೊಸೆಸರ್ ಎದ್ದಿದೆ, ಬಯಾಸ್ (ಆನ್ ಮಾಡಿದ ಕೂಡಲೇ ಭಾಗಗಳನ್ನು ಪರೀಕ್ಷಿಸುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಂ) ಓಡುತ್ತಿದೆ. ಬೀಪ್ ಲೆಕ್ಕ ಒಂದೊಂದು ಬಯಾಸಿಗೆ ಒಂದೊಂದು ಥರ. ಆದರೂ ನೀವು ಹೇಳಿದಂಥ ಬೀಪ್ ಹೆಚ್ಚಾಗಿ ರ‍್ಯಾಮ್ ಕಡೆಯದೇ. ಹಾಗಂತ ರ‍್ಯಾಮ್ ಸತ್ತಿದೆ ಅಂತಲ್ಲ. ನನ್ನ ಟೇಬಲ್ಲಿಗೆ "ರ‍್ಯಾಮ್ ಹೋಗಿದೆ" ಅಂತ ಬರುವುದರಲ್ಲಿ ಜಾಸ್ತಿ ಪಾಲು ಬರೀ ಕಾಂಟ್ಯಾಕ್ಟ್ ಸಮಸ್ಯೆ.

ಮೊದಲು ಪವರ್ ಕೇಬಲ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟಿನ ಲೋಹದ ಭಾಗ ಮುಟ್ಟಿ, ಆಮೇಲೆ ರ‍್ಯಾಮ್ ತೆಗೆಯಿರಿ. ಕೆಳಗಿನ ಚಿನ್ನದ ಬಣ್ಣದ ಹಲ್ಲುಗಳು ಮಂಕಾಗಿದ್ದರೆ ಮಕ್ಕಳ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ. ಮರಳುಕಾಗದ ಬೇಡವೇ ಬೇಡ, ಚಿನ್ನದ ಲೇಪ ಎದ್ದುಹೋಗುತ್ತದೆ. ರ‍್ಯಾಮ್ ಕೂರುವ ಸ್ಲಾಟಿಗೆ ಒಣ ಬ್ರಷ್ ಸಾಕು. ಮತ್ತೆ ಹಾಕುವಾಗ ಕ್ಲಿಪ್ ಟಕ್ ಅಂತ ಕೂರುವವರೆಗೆ ಒತ್ತಿ.

ಒಂದು ಸಲಕ್ಕೆ ಒಂದೇ ರ‍್ಯಾಮ್ ಹಾಕಿ ನೋಡಿ. ಎರಡು ರ‍್ಯಾಮ್, ಎರಡು ಸ್ಲಾಟ್, ಒಟ್ಟು ನಾಲ್ಕು ಜೋಡಿ. ಯಾವುದು ಆನ್ ಆಯಿತು, ಯಾವುದು ಆಗಲಿಲ್ಲ ಬರೆದಿಡಿ. ತೊಂದರೆ ರ‍್ಯಾಮಿನ ಹಿಂದೆಯೇ ಹೋದರೆ ರ‍್ಯಾಮ್ ಕೆಟ್ಟಿದೆ. ಸ್ಲಾಟಿನಲ್ಲೇ ಉಳಿದರೆ ರ‍್ಯಾಮ್ ಬದಲಿಸಿ ದುಡ್ಡು ಕಳೆಯಬೇಡಿ.

ಇನ್ನೊಂದು ಮುಖ್ಯ ಮಾತು. ಆನ್ ಆಯಿತು ಅಂತ ಖುಷಿಯಲ್ಲಿ ವಿಂಡೋಸ್‌ಗೆ ಹೋಗಬೇಡಿ. ಕೆಟ್ಟ ರ‍್ಯಾಮ್ ಇದ್ದರೆ ಸೇವ್ ಆಗುವ ಫೈಲೂ ಕೆಡಬಹುದು. ಅದಕ್ಕೇ ಈ ಪರೀಕ್ಷೆ ಮಾಡುವಾಗ ಹಾರ್ಡ್ ಡಿಸ್ಕಿನ ಕೇಬಲ್ ತೆಗೆದಿಡಿ.

ಇನ್ನೊಬ್ಬ ಸದಸ್ಯರು: ಇಷ್ಟೆಲ್ಲ ಯಾಕೆ? ಹೊಸ ಡಿಡಿಆರ್4 8 ಜಿಬಿ ಒಂದು ಹಾಕಿದರೆ ಆಯ್ತಲ್ವಾ?

ಉತ್ತರ: ಅದು ಕೂರುವುದೇ ಇಲ್ಲ ಸರ್. ಡಿಡಿಆರ್3ಗೆ 240 ಪಿನ್, ಡಿಡಿಆರ್4ಗೆ 288, ನಡುವಿನ ಕಚ್ಚಿನ ಜಾಗವೂ ಬೇರೆ. ಡಿಡಿಆರ್3 ಕೊಳ್ಳುವವರೂ ಹುಷಾರು: ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ "ಎಎಂಡಿ ಓನ್ಲಿ" (ಎಎಂಡಿ ಪ್ರೊಸೆಸರಿಗೆ ಮಾತ್ರ) ರ‍್ಯಾಮ್ ಇಂಟೆಲ್ ಬೋರ್ಡಿಗೆ ಆಗಿಬರುವುದಿಲ್ಲ.

ಪ್ರಶ್ನೆ ಕೇಳಿದವರು: ನೋಡಿದೆ ಸರ್. ಪ್ರೊಸೆಸರ್ ಪಕ್ಕದ ಸ್ಲಾಟಿನಲ್ಲಿ ಎರಡು ರ‍್ಯಾಮೂ ಓಡುತ್ತವೆ. ಆಚೆ ಸ್ಲಾಟಿಗೆ ಯಾವುದನ್ನು ಹಾಕಿದರೂ ಬೀಪ್. ಅಂದಹಾಗೆ ಮಳೆಗೆ ಸ್ವಲ್ಪ ಮುಂಚೆ ಪ್ರೊಸೆಸರ್ ಮೇಲಿನ ಕೂಲರ್ (ತಂಪು ಮಾಡುವ ಫ್ಯಾನ್) ಎತ್ತಿ, ಅದರಡಿಯ ಪೇಸ್ಟ್ ಬದಲಿಸಿದ್ದೆವು.

ಉತ್ತರ: ಆಹಾ, ಇದನ್ನು ಮೊದಲೇ ಹೇಳಬಾರದಿತ್ತಾ! ರ‍್ಯಾಮ್ ಜೊತೆ ಮಾತಾಡುವ ಮೆಮೊರಿ ಕಂಟ್ರೋಲರ್ ಇರುವುದು ಪ್ರೊಸೆಸರ್ ಒಳಗೇ. ನಿಮ್ಮ ಪ್ರೊಸೆಸರ್ ಕೂರುವ ಸಾಕೆಟ್ಟಿನಲ್ಲಿ ಕೂದಲೆಳೆಯಂಥ 1155 ಪಿನ್ ಇವೆ. ಕೂಲರಿನ ನಾಲ್ಕು ಕಾಲಲ್ಲಿ ಒಂದು ಸರಿಯಾಗಿ ಕೂರದಿದ್ದರೆ ಒತ್ತಡ ಒಂದೇ ಕಡೆ ಬೀಳುತ್ತದೆ, ಕೆಲವು ಪಿನ್ ಸರಿಯಾಗಿ ಮುಟ್ಟುವುದಿಲ್ಲ. ಆಗ ಒಂದು ಸ್ಲಾಟ್ ಕೆಲಸ ನಿಲ್ಲಿಸಬಹುದು. ಕರೆಂಟ್ ತೆಗೆದು ನಾಲ್ಕೂ ಕಾಲು ಅಲುಗಾಡಿಸಿ ನೋಡಿ. ಸಡಿಲ ಇದ್ದರೆ ಎದುರುಬದುರು ಮೂಲೆ ಹಿಡಿದು ಒತ್ತಿ. ಕೂಲರ್ ಪೂರ್ತಿ ಎತ್ತಿದರೆ ಪೇಸ್ಟ್ ಹೊಸದಾಗಿ ಹಾಕಲೇಬೇಕು.

ಪ್ರಶ್ನೆ ಕೇಳಿದವರು: ಹಿಂದುಗಡೆ ಮೂಲೆಯ ಕಾಲು ಅರ್ಧ ಎದ್ದಿತ್ತು ಸರ್. ಒತ್ತಿದೆ, ಟಕ್ ಅಂತು. ಈಗ ಎರಡೂ ಸ್ಲಾಟ್ ಓಡುತ್ತಿವೆ, ಬಯಾಸಿನಲ್ಲಿ 8 ಜಿಬಿ ತೋರಿಸುತ್ತಿದೆ. ಹಾರ್ಡ್ ಡಿಸ್ಕ್ ಜೋಡಿಸಲಾ?

ಉತ್ತರ: ಇವತ್ತು ಬೇಡ. ಬೇರೆ ಕಂಪ್ಯೂಟರಿನಲ್ಲಿ ಮೆಮ್‌ಟೆಸ್ಟ್86 ಪ್ಲಸ್ ಎಂಬ ರ‍್ಯಾಮ್ ಪರೀಕ್ಷಿಸುವ ಪ್ರೋಗ್ರಾಂ ಅನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ, ಪುಕ್ಕಟೆ ಸಿಗುತ್ತದೆ. ಅದರಿಂದಲೇ ಬೂಟ್ ಮಾಡಿ ರಾತ್ರಿಯಿಡೀ ಓಡಲು ಬಿಡಿ. ಬೆಳಿಗ್ಗೆ ಒಂದೇ ಒಂದು ಎರರ್ ಇದ್ದರೂ ರ‍್ಯಾಮ್‌ಗಳನ್ನು ಬೇರೆ ಬೇರೆ ಹಾಕಿ ಮತ್ತೆ ಓಡಿಸಿ. ಸೊನ್ನೆ ಇದ್ದರೆ ಡಿಸ್ಕ್ ಜೋಡಿಸಿ, ಗಿರಾಕಿಗಳ ಫೈಲು ಮೊದಲು ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಮಿಕ್ಕ ಕೆಲಸ ಆಮೇಲೆ.