ಅಪ್‌ಡೇಟ್: ಬುಡ ಮೆತ್ತಗಾಗಿದ್ದ ಅಡೇನಿಯಂ ಚಿಗುರಿದೆ

ಮಳೆ ಹಿಡಿದ ಮೇಲೆ ಬಳ್ಳಾರಿಯ ನಮ್ಮ ಹಿತ್ತಲಿನ ಅಡೇನಿಯಂನ (ಡೆಸರ್ಟ್ ರೋಸ್ ಎನ್ನುವ ಹೂಗಿಡ) ಎಲೆಗಳು ಹಳದಿಯಾಗಿ ಉದುರುತ್ತಿವೆ, ದಪ್ಪನೆಯ ಬುಡ ಒತ್ತಿದರೆ ಮೆತ್ತಗಿದೆ, ಏನು ಮಾಡಬೇಕು ಎಂದು ಕೇಳಿದ್ದೆ. ಗಿಡ ಉಳಿದಿದೆ, ತುದಿಗಳಲ್ಲಿ ಚಿಗುರು ಬಂದಿದೆ, ಮೊಗ್ಗು ಇನ್ನೂ ಕಾಣಿಸಿಲ್ಲ.

ಕೆಲವರು ಹೇಳಿದಂತೆ ನೀರು ಹಾಕುವುದನ್ನು ನಿಲ್ಲಿಸಿ ದಾಲ್ಚಿನ್ನಿ ಪುಡಿ ಹಚ್ಚಿದ್ದರಿಂದ ಪ್ರಯೋಜನವಾಗಲಿಲ್ಲ, ಏಕೆಂದರೆ ಕೊಳೆತ ಭಾಗ ಬುಡದ ಒಳಗಿತ್ತು ಮತ್ತು ನಮ್ಮ ಎರೆಮಣ್ಣು ಬೇರಿನ ಸುತ್ತ ತೇವವನ್ನು ಹಿಡಿದೇ ಇಟ್ಟಿತ್ತು. ಫಲಿಸಿದ್ದು ಗಿಡವನ್ನೇ ಕಿತ್ತುಬಿಡಿ ಎಂಬ ಸಲಹೆ: ಸ್ಪಿರಿಟ್‌ನಿಂದ ಒರೆಸಿದ ಚಾಕುವಿನಲ್ಲಿ, ಗಟ್ಟಿಯಾದ ಬಿಳಿ ತಿರುಳು ಸಿಗುವವರೆಗೆ ಕಂದು ಭಾಗವನ್ನು ಕೆತ್ತಿ, ಗಾಯ ಪೂರ್ತಿ ಒಣಗುವ ತನಕ ನೆರಳಿನಲ್ಲಿ ತೂಗುಹಾಕಿ, ಬಳಿಕ ದಪ್ಪ ಮರಳು, ಇಟ್ಟಿಗೆ ಚೂರು ಹಾಗೂ ಅಲ್ಪ ಗೊಬ್ಬರ ಬೆರೆಸಿದ ದಿಬ್ಬದ ಮೇಲೆ, ಬಿಸಿಲು ಧಾರಾಳವಾಗಿ ಬೀಳುವಲ್ಲಿ ನೆಟ್ಟೆ. ಸಲಹೆ ಕೊಟ್ಟವರಿಗೆ ಧನ್ಯವಾದಗಳು.

ಅಚ್ಚರಿಯ ಸಂಗತಿಯೆಂದರೆ, ಇದು ಕಣಗಿಲೆಯ ಕುಟುಂಬಕ್ಕೇ ಸೇರಿದ್ದು. ಆಫ್ರಿಕಾದ ಬೇಟೆಗಾರರು ಇದರ ರಸವನ್ನು ಬಾಣದ ವಿಷವಾಗಿ ಬಳಸುತ್ತಿದ್ದರಂತೆ. ಆದ್ದರಿಂದ ಕೆತ್ತುವಾಗ ಕೈಗವಸು ಹಾಕಿಕೊಳ್ಳಿ, ತುಂಡುಗಳನ್ನು ಮಕ್ಕಳಿಗೂ ದನಗಳಿಗೂ ಸಿಗದಂತೆ ಹೂಳಿ. ಚಳಿಗಾಲದಲ್ಲಿ ಬುಡ ಗಟ್ಟಿಯಾಗಿದ್ದು ಎಲೆ ಮಾತ್ರ ಉದುರಿದರೆ ಗಾಬರಿ ಬೇಡ, ಅದು ಈ ಗಿಡದ ವಿಶ್ರಾಂತಿಯ ಕಾಲ.